ಸೀಟು ಸಿಗದ ಹಕ್ಕಿಗಳ ಕಂಡಕ್ಟರು

ಕರೀಗೌಡರ ಪ್ರಕಾರ ಲೋಕದಲ್ಲಿರುವುದು ಎರಡೇ ಜಾತಿ: ಸೀಟು ಸಿಕ್ಕವರು ಮತ್ತು ನಿಂತವರು. ಆಯುಷ್ಯದ ಮುಕ್ಕಾಲು ಪಾಲು ಬಸ್ಸಿನಲ್ಲಿ ಟಿಕೆಟ್ ಹರಿದವರು ಮನುಷ್ಯರನ್ನು ಹೀಗೆ ವಿಂಗಡಿಸಿದರೆ ಆಶ್ಚರ್ಯವಿಲ್ಲ. ಹಕ್ಕಿಗಳನ್ನೂ ಹಾಗೆಯೇ ವಿಂಗಡಿಸಿದ್ದು ಮಾತ್ರ ಪಕ್ಷಿಶಾಸ್ತ್ರಕ್ಕೆ ಅವರ ಸ್ವಂತ ಕೊಡುಗೆ. ಪಾಲಹಳ್ಳಿ ಕಡೆಯ ಹೆಸರಾಂತ ಪಕ್ಷಿಧಾಮದಲ್ಲಿ ಗೂಡು ಕಟ್ಟಿದವು ಸೀಟು ಸಿಕ್ಕ ಹಕ್ಕಿಗಳು. ಅಲ್ಲಿ ಕೊಂಬೆ ಖಾಲಿಯಿಲ್ಲದೆ ಹೊಳೆಯ ಜೊತೆಗೇ ಕೆಳಗೆ ಬಂದು, ಯಾವ ನಕ್ಷೆಯಲ್ಲೂ ಹೆಸರಿಲ್ಲದ ಒಂದಿಷ್ಟು ನಡುಗಡ್ಡೆಗಳ ಮೇಲೆ ಇಳಿದವು ನಿಂತ ಹಕ್ಕಿಗಳು. ಈ ನಿಂತ ಹಕ್ಕಿಗಳಿಗೆ ಕರೀಗೌಡರು ಕಂಡಕ್ಟರು.

ಅವರ ಅಧಿಕೃತ ಹುದ್ದೆ ಗೈಡು. ಆ ನಡುಗಡ್ಡೆಗಳ ಸುತ್ತ ಪ್ರವಾಸಿಗರ ದೋಣಿ ನಡೆಸುವ ಗುತ್ತಿಗೆ ಹಿಡಿದವರು ನಾಗಮಂಗಲ ಕಡೆಯ ಶಿವನಂಜಪ್ಪ ಎಂಬವರು. ಅವರನ್ನು ಎಲ್ಲರೂ ಓನರ್ ಎಂದೇ ಕರೆಯುತ್ತಿದ್ದರು. ಹೊಳೆಗೆ ಓನರ್ ಇರುವುದು ಹೇಗೆ ಎಂದು ಯಾರೂ ಕೇಳುತ್ತಿರಲಿಲ್ಲ. ನಿವೃತ್ತ ಕಂಡಕ್ಟರಿಗೆ ಜನರನ್ನು ಕೂರಿಸುವ ಕಲೆ ಗೊತ್ತಿರುತ್ತದೆ, ಹಕ್ಕಿಗಳ ವಿಷಯ ಬೋರ್ಡು ನೋಡಿ ಕಲಿತುಕೊಳ್ಳಲಿ ಎಂದು ಅವರು ಕರೀಗೌಡರನ್ನು ನೇಮಿಸಿಕೊಂಡರು. ಮೊದಲನೆಯ ಎಣಿಕೆ ಸರಿಯಾಗಿತ್ತು. ಎರಡನೆಯದರಲ್ಲಿ ಸ್ವಲ್ಪ ಎಡವಟ್ಟಾಯಿತು.

ನಾನು ಅವರನ್ನು ಬಸ್ಸಿನ ಕಾಲದಿಂದ ಬಲ್ಲೆ. ಪಾಂಡವಪುರದ ನನ್ನ ಮನೆಯಿಂದ ನಾಗಮಂಗಲ ರಸ್ತೆಯ ಶಾಲೆಗೆ ಮೇಷ್ಟ್ರಾಗಿ ಹೋಗಿಬರುತ್ತಿದ್ದಾಗ ನಾನು ಬಹುಪಾಲು ಅವರ ಬಸ್ಸಿನ ನಿಂತವರ ಜಾತಿಗೆ ಸೇರಿದವನು. ಮುದುಕಿಯರು ಸೀಟು ಹಿಡಿದು, ಸೆರಗಿನ ಗಂಟು ಸರಿಮಾಡಿಕೊಂಡು, ಉಸ್ಸಪ್ಪಾ ಎನ್ನುವವರೆಗೆ ಅವರು ವಿಷಲ್ ಊದುತ್ತಿರಲಿಲ್ಲ. ಡ್ರೈವರು ಸ್ಟೀರಿಂಗ್ ಮೇಲೆ ಎಷ್ಟು ಗುದ್ದಿದರೂ ಅಷ್ಟೇ. ತಡವಾದುದಕ್ಕೆ ಮೇಲಿನವರು ಕೊಟ್ಟ ಮೆಮೊಗಳನ್ನು ಅವರು ಮದುವೆಯ ಕರೆಯೋಲೆಗಳಂತೆ ಗೌರವದಿಂದ ಮಡಿಸಿ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದರು. ಓದುತ್ತಿದ್ದರೋ ಇಲ್ಲವೋ ತಿಳಿಯದು.

ದೋಣಿಯಲ್ಲೂ ಅದೇ ಖಾಕಿ ಅಂಗಿ, ಅದೇ ವಿಷಲ್. ಹೆಂಗಸರು ಮುಂದೆ, ಗಂಡಸರು ಹಿಂದೆ, ಮಕ್ಕಳು ತೊಡೆ ಮೇಲೆ. ಒಂದು ಸಲ ಊದಿದರೆ ದೋಣಿ ನಿಲ್ಲಬೇಕು, ಎರಡು ಸಲ ಊದಿದರೆ ಹೊರಡಬೇಕು. ಹುಟ್ಟು ಹಾಕುತ್ತಿದ್ದವನು ಶ್ರೀರಂಗಪಟ್ಟಣ ಟೌನಿನ ರಫೀಕ್. ಮಾತು ಕಡಿಮೆಯ ಮನುಷ್ಯ. ಅವನಿಗೆ ಮೊದಮೊದಲು ಇದು ಹುಚ್ಚಾಟವೆನಿಸಿತ್ತಂತೆ; ಆಮೇಲೆ ಆ ವಿಷಲ್ ಇಲ್ಲದೆ ಕೈ ಏಳದಂತಾಯಿತು.

ಹಕ್ಕಿಗಳ ವಿಚಾರದಲ್ಲಿ ಕರೀಗೌಡರ ಜ್ಞಾನ ಧಾರಾಳವಾಗಿತ್ತು, ನಂಬಿಕೆಗೆ ಮಾತ್ರ ಯೋಗ್ಯವಾಗಿರಲಿಲ್ಲ. ಕೊಕ್ಕರೆಯೊಂದು ಕಡ್ಡಿ ತಂದು ಕೊಂಬೆಯ ಸಂದಿಯಲ್ಲಿ ಇಟ್ಟರೆ "ನೋಡ್ರಪ್ಪ, ಟವಲ್ ಹಾಕ್ತು" ಎನ್ನುವರು. ಚಮಚದ ಕೊಕ್ಕಿನ ಹಕ್ಕಿಗೆ ಸೌಟು ಮೂತಿ ಎಂದು ಹೆಸರಿಟ್ಟಿದ್ದರು. ನೀರುಕಾಗೆಯೂ ಹಾವಕ್ಕಿಯೂ ಗಂಡ ಹೆಂಡತಿ ಎಂದು ಒಂದಿಡೀ ವರ್ಷ ಸಾರಿದರು. ಕತ್ತು ಉದ್ದ ಇರುವುದು ಹೆಂಡತಿ, ಯಾಕೆಂದರೆ ಅದು ಎಲ್ಲ ಕಡೆ ಇಣುಕಿ ನೋಡುತ್ತದೆ. ಮೈಸೂರಿನಿಂದ ಬಂದ ಪಕ್ಷಿತಜ್ಞರೊಬ್ಬರು ಅವೆರಡೂ ಬೇರೆ ಬೇರೆ ಜಾತಿ ಎಂದು ಸಮಾಧಾನವಾಗಿ ತಿಳಿಸಿ ಹೇಳಿದರು. ಕರೀಗೌಡರು ತಲೆಬಾಗಿ ಒಪ್ಪಿಕೊಂಡರು. ಮುಂದಿನ ಟ್ರಿಪ್ಪಿನಲ್ಲಿ ಅವರ ಪ್ರಕಟಣೆ ಹೀಗಿತ್ತು: "ವಾದ ವಾರದ ಗಂಟ ಇವು ಗಂಡ ಎಂಡ್ರಾಗಿದ್ವು. ಮೈಸೂರಿಂದ ಒಬ್ರು ಸಾಹೇಬ್ರು ಬಂದು ಬುಡಿಸ್ಬುಟ್ರು."

ಅವರು ಗೈಡಾದ ಮೊದಲ ವರ್ಷದಲ್ಲೇ ನಡೆದದ್ದು ಕೆ.ಆರ್. ಪೇಟೆಯ ಬಸ್ಸಿನ ಪ್ರಕರಣ.

ಚುನಾವಣೆಯ ಕಾಲ. ಊರೂರಿನಿಂದ ಸಮಾವೇಶಗಳಿಗೆ ಬಸ್ಸು ಹೊರಡುತ್ತಿದ್ದ ದಿನಗಳು. ನಮ್ಮ ಸೀಮೆಯಲ್ಲಿ ಬೆಳಗಿನ ಹೊತ್ತು ಬ್ಯಾನರ್ ಕಟ್ಟಿದ ಖಾಲಿ ಬಸ್ಸೊಂದು ನಿಂತಿದ್ದರೆ ಜನ ಪ್ರಶ್ನೆ ಕೇಳದೆ ಹತ್ತುತ್ತಾರೆ. ಪ್ರಶ್ನೆ ಕೇಳಿದವನಿಗೆ ಸೀಟು ಸಿಗುವುದಿಲ್ಲ. ಸೀಟು ಸಿಗದವನಿಗೆ ಬಾಡೂಟದ ಪಂಕ್ತಿಯಲ್ಲೂ ಹಿಂದಿನ ಸಾಲೇ. ಓನರು ತಮ್ಮ ದೋಣಿಗಳ ಪ್ರಚಾರಕ್ಕೆಂದು ಕೆ.ಆರ್. ಪೇಟೆಗೆ ಒಂದು ಬಸ್ಸು ಕಳಿಸಿ, ಅದಕ್ಕೆ 'ಉಚಿತ ಪ್ರವಾಸ' ಎಂಬ ಬ್ಯಾನರ್ ಕಟ್ಟಿಸಿದ್ದರು. ಮಹಿಳಾ ಸಂಘದವರು ಬರಬೇಕಾಗಿತ್ತು. ಅವರು ಬರುವುದಕ್ಕೆ ಮುಂಚೆಯೇ ಬಿಳಿ ಅಂಗಿ, ಹೆಗಲ ಮೇಲೆ ಟವಲ್ಲಿನ ಗಂಡಸರು ಬಸ್ಸನ್ನು ತುಂಬಿಬಿಟ್ಟಿದ್ದರು.

ಅಂದು ನಾನೂ ದಡದಲ್ಲಿದ್ದೆ. ಇಳಿದವರು ಹೊಳೆಯನ್ನು ನೋಡಿದರು, ಮರಗಳನ್ನು ನೋಡಿದರು, ವೇದಿಕೆ ಎಲ್ಲಿ ಎಂದು ಹುಡುಕಿದರು. ಹಿರಿಯರೊಬ್ಬರು ಕರೀಗೌಡರ ಹತ್ತಿರ ಬಂದು, ನಾಯಕರು ಬರುವುದು ಎಷ್ಟು ಹೊತ್ತಿಗೆ ಎಂದು ಕೇಳಿದರು. ಕರೀಗೌಡರು ಮುಖದ ಒಂದು ಗೆರೆಯನ್ನೂ ಅಲುಗಿಸದೆ ಎದುರಿನ ಮರದ ತುದಿಯಲ್ಲಿ ಕುಳಿತಿದ್ದ, ಕೊಕ್ಕಿನ ಕೆಳಗೆ ಚೀಲ ಜೋತ ಹೆಜ್ಜಾರ್ಲೆಯ ಕಡೆ ಕೈ ತೋರಿಸಿದರು.

"ಬಂದವ್ರೆ. ಅಲ್ಲಿ ಕುಂತವ್ರೆ. ಬಾಸಣ ಮಾಡಾಕಿಲ್ಲ, ಅದೊಂದೇ ಯತ್ಯಾಸ."

ನಗು ಎದ್ದಿತು. ಬಂದದ್ದಾಯಿತು, ದೋಣಿಯನ್ನಾದರೂ ಹತ್ತೋಣ ಎಂದರು. ಆ ದಿನ ಇದ್ದಬದ್ದ ದೋಣಿಗಳೆಲ್ಲ ಒಟ್ಟಿಗೇ ಹೊರಟವು. ನಡುಗಡ್ಡೆ ಹತ್ತಿರವಾಯಿತು. ಮರದ ತುಂಬ ಗೂಡು, ಗೂಡಿನ ತುಂಬ ಮರಿ, ಮರಿಗಳ ಮೇಲೆ ಬಿಸಿಲಿಗೆ ರೆಕ್ಕೆ ಹರಡಿ ನಿಂತ ತಾಯಂದಿರು. ಅಷ್ಟರಲ್ಲಿ ಆ ಹೆಜ್ಜಾರ್ಲೆ ಮರದಿಂದ ಎದ್ದು, ಒಂದು ಸುತ್ತು ಹಾಕಿ, ದೊಡ್ಡ ಮನುಷ್ಯರು ವೇದಿಕೆಗೆ ಬರುವ ಗತ್ತಿನಲ್ಲಿ ನೀರಿಗೆ ಇಳಿಯಿತು. ಸಮಾವೇಶದ ಅಭ್ಯಾಸ ನೋಡಿ: ದೊಡ್ಡವರು ಇಳಿದರೆ ಕೈಗಳು ತಾವಾಗಿಯೇ ಕೂಡಿಕೊಳ್ಳುತ್ತವೆ. ಎಲ್ಲ ದೋಣಿಗಳಿಂದ ಒಂದೇ ಸಲ ಚಪ್ಪಾಳೆ, ಒಂದೇ ಸಲ ಜೈಕಾರ.

ಇಡೀ ನಡುಗಡ್ಡೆ ಎದ್ದಿತು. ನೋಡುವುದಕ್ಕೆ ಅದ್ಭುತವಾಗಿತ್ತು ಎಂದು ಹೇಳದಿದ್ದರೆ ಸುಳ್ಳಾದೀತು. ಆಕಾಶ ಬೆಳ್ಳಗಾಯಿತು, ಜನ ಬಾಯಿ ತೆರೆದು ಮೇಲೆ ನೋಡಿದರು. ಕರೀಗೌಡರೊಬ್ಬರು ಕೆಳಗೆ ನೋಡುತ್ತಿದ್ದರು. ಬರಿದಾದ ಗೂಡುಗಳಲ್ಲಿ ಇನ್ನೂ ಗರಿ ಮೂಡದ ಮರಿಗಳು ಮಧ್ಯಾಹ್ನದ ಬಿಸಿಲಿಗೆ ಕತ್ತು ಎತ್ತಿಕೊಂಡು ಒದ್ದಾಡುತ್ತಿದ್ದವು. ಹದ್ದುಗಳು ಎಲ್ಲಿದ್ದವೋ, ಬಂದು ಎರಗಿದವು. ಕಾಗೆಗಳು ಮೊಟ್ಟೆಗೆ ಬಂದವು. ಗಾಬರಿಯಲ್ಲಿ ಕೊಂಬೆಯಿಂದ ಜಾರಿದ ಮರಿಯೊಂದು ನೀರಿಗೆ ಬಿದ್ದಿತು, ಮೊಸಳೆಗಳಿರುವ ಆ ನೀರು ಅದರ ಪಕ್ಕದಲ್ಲಿ ಒಮ್ಮೆ ಮಗುಚಿಕೊಂಡಿತು, ಅಷ್ಟೇ. ತಾಯಂದಿರು ಮರಳಿ ಬಂದು ಕೂರುವ ಹೊತ್ತಿಗೆ ಕೂರುವುದಕ್ಕೆ ಕಾರಣ ಉಳಿಯದ ಗೂಡುಗಳಿದ್ದವು.

ಆ ಹಿರಿಯರು ಟವಲ್ ತೆಗೆದು ಬಾಯಿಗೆ ಒತ್ತಿಕೊಂಡು ಕುಳಿತರು. ದಡಕ್ಕೆ ಬರುವವರೆಗೆ ಯಾರೂ ಊಟದ ಮಾತು ಎತ್ತಲಿಲ್ಲ. ಕೆ.ಆರ್. ಪೇಟೆಯವರ ಮಟ್ಟಿಗೆ ಇದಕ್ಕಿಂತ ದೊಡ್ಡ ಶೋಕಾಚರಣೆ ಇಲ್ಲ.

ಅಂದಿನಿಂದ ಕರೀಗೌಡರ ದೋಣಿಗೆ ಒಂದು ಕಾನೂನು ಬಂತು. ಹತ್ತುವ ಮುಂಚೆ ಎಲ್ಲರನ್ನೂ ನಿಲ್ಲಿಸಿ ಹೇಳುತ್ತಿದ್ದರು: "ಅಕ್ಕಿ ತಾನಾಗೆ ಎದ್ರೆ ನೋಡ್ಕಳಿ. ನಾವು ಎಬ್ಬಸಂಗಿಲ್ಲ. ಕೈ ತಟ್ಟೋ ಆಸೆ ಇದ್ದೋರು ಮನೇಲಿ ರೊಟ್ಟಿ ತಟ್ಟಿ."

ಓನರಿಗೂ ಆ ದಿನ ಒಂದು ಪಾಠವಾಗಿತ್ತು, ಬೇರೆ ಪಾಠ. ಹಕ್ಕಿಗಳೆಲ್ಲ ಒಟ್ಟಿಗೆ ಎದ್ದ ಆ ನೋಟವನ್ನು ಯಾರೋ ಫೋನಿನಲ್ಲಿ ಹಿಡಿದು ಹಂಚಿದ್ದರು. ಅದನ್ನು ನೋಡಿ ಜನ ಕಾರು ಮಾಡಿಕೊಂಡು ಬರತೊಡಗಿದರು. ಕೂತ ಹಕ್ಕಿಯನ್ನು ನೋಡುವುದಕ್ಕೆ ಅಷ್ಟು ದೂರ ಬರಬೇಕೆ, ಹಾರಿಸಿ ಎಂದರು. ಓನರು ಹಾರಿಸುವುದನ್ನು ಪ್ರವಾಸದ ಅಂಗವಾಗಿಯೇ ಸೇರಿಸಿದರು. ದಡದಲ್ಲಿ 'ಶಬ್ದ ಮಾಡಬಾರದು' ಎಂಬ ಹಳೆಯ ಬೋರ್ಡೊಂದಿತ್ತು. ಮೈಕ್ ಕಟ್ಟುವುದಕ್ಕೆ ಅದರ ಕಂಬವೇ ಅನುಕೂಲವಾಯಿತು.

ಉಳಿದ ಗೈಡುಗಳು ತಟ್ಟಿಸುತ್ತಿದ್ದರು. ಕರೀಗೌಡರು ತಟ್ಟಿಸಲಿಲ್ಲ. ಓನರು ಗದರಿದರು, ಮೆಮೊ ಕೊಡುವುದಾಗಿ ಹೇಳಿದರು. ಮೆಮೊ ಎಂದರೆ ಕರೀಗೌಡರಿಗೆ ತವರಿನ ಸುದ್ದಿ ಬಂದಂತೆ. ಕೊಡಿ ಎಂದರು.

ಕೊನೆಗೆ ಒಂದು ಮಧ್ಯಾಹ್ನ ಓನರು ತಮ್ಮ ಒಬ್ಬ ದೊಡ್ಡ ಅತಿಥಿಯನ್ನು ಕರೆತಂದರು. ಯಾವ ರೀತಿಯಲ್ಲಿ ದೊಡ್ಡವರೋ ನನಗೆ ತಿಳಿಯದು. ಅವರ ಕ್ಯಾಮೆರಾ ಅಂತೂ ದೊಡ್ಡದು. ಗುತ್ತಿಗೆ ಮುಂದುವರಿಯುವುದಕ್ಕೂ ಆ ಅತಿಥಿಯ ಮನಸ್ಸು ತಣಿಯುವುದಕ್ಕೂ ಸಂಬಂಧವಿತ್ತೆಂದು ರಫೀಕ್ ಆಮೇಲೆ ಹೇಳಿದ. ಬೇರೆ ದೋಣಿಗಳು ಹೋಗಿಬಿಟ್ಟಿದ್ದವು. ಕರೀಗೌಡರದೇ ಉಳಿದದ್ದು. ಅತಿಥಿ, ಓನರು, ಜೊತೆಗೆ ಕೆಲವು ಟಿಕೆಟ್ಟಿನವರು, ಅವರಲ್ಲಿ ನಾನೊಬ್ಬ.

ನಡುಗಡ್ಡೆ ಎದುರಾದಾಗ ಅತಿಥಿ ಕ್ಯಾಮೆರಾ ಎತ್ತಿಕೊಂಡು, ಎಬ್ಬಿಸಿ ಎಂದರು.

"ಎದ್ದೇ ಅವೆ ಸಾ. ಯಾವುದೂ ಮಲಗಿಲ್ಲ" ಎಂದರು ಕರೀಗೌಡರು.

ಹಾರಿಸಿ ಎಂದು ಅತಿಥಿ ತಿದ್ದಿಕೊಂಡರು. ಕರೀಗೌಡರು ಬಿಸಿಲನ್ನು ತೋರಿಸಿದರು, ಮರಿಗಳನ್ನು ತೋರಿಸಿದರು, ಮೇಲೆ ಸುತ್ತುತ್ತಿದ್ದ ಹದ್ದನ್ನು ತೋರಿಸಿದರು. ಓನರಿಗೆ ಅವಮಾನವಾಯಿತು. "ಕರೀಗೌಡ್ರೆ, ಸಂಬಳ ಕೊಡೋನು ನಾನು. ತಟ್ಟು ಅಂದ್ರೆ ತಟ್ಬೇಕು" ಎಂದರು.

ಕರೀಗೌಡರು ವಿಷಲ್ ಬಾಯಿಗಿಟ್ಟು ಒಂದೇ ಸಲ ಊದಿದರು. ರಫೀಕನ ಹುಟ್ಟು ನೀರಿನಿಂದ ಮೇಲೆದ್ದು ನಿಂತಿತು. ದೋಣಿ ಹೊಳೆಯ ಮಧ್ಯದಲ್ಲಿ ತೇಲತೊಡಗಿತು.

"ಇಳೀರಿ" ಎಂದರು ಕರೀಗೌಡರು, ಬಸ್ಸಿನ ಕಾಲದ ಅದೇ ದನಿಯಲ್ಲಿ.

ಎಲ್ಲಿಗೆ ಎಂದು ಅತಿಥಿ ಕೇಳಿದರು.

"ಗಾಡಿ ಕಾನೂನು ಒಪ್ದೇ ಇದ್ದೋರು ಮುಂದಿನ್ ಸ್ಟಾಪಲ್ಲಿ ಇಳ್ಕಬೇಕು. ಅಕೋ, ಆ ಬಂಡೆ."

ಆ ಸ್ಟಾಪಿನಲ್ಲಿ ಆಗಲೇ ಒಂದು ಮೊಸಳೆ ಬಾಯಿ ತೆರೆದುಕೊಂಡು ಬಸ್ಸಿಗೆ ಕಾಯುತ್ತಿತ್ತು. ಅತಿಥಿ ಅದನ್ನು ನೋಡಿದರು. ಅದೂ ಅತಿಥಿಯನ್ನು ನೋಡಿತೆಂದು ನನ್ನ ಭಾವನೆ. ಓನರು ಹುಟ್ಟು ಹಾಕುವಂತೆ ರಫೀಕನಿಗೆ ಅರಚಿದರು. ರಫೀಕ್ ಬಹಳ ವಿನಯದಿಂದ, "ಎಲ್ಡು ವಿಷಲ್ ಆಗ್ಲಿ ಸಾಬ್" ಎಂದ. ಅತಿಥಿ ಕ್ಯಾಮೆರಾವನ್ನು ಚೀಲಕ್ಕೆ ತುರುಕಿದ ಮೇಲೆಯೇ ಎರಡು ವಿಷಲ್ ಆದದ್ದು.

ದಡ ಮುಟ್ಟಿದ ಕೂಡಲೇ ಕರೀಗೌಡರ ಕೆಲಸ ಹೋಯಿತು. ವಿಷಲ್ ಓನರದಲ್ಲ, ಸ್ವಂತದ್ದು. ಆದ್ದರಿಂದ ಹಿಂದಿರುಗಿಸಬೇಕಾದ್ದು ಏನೂ ಇರಲಿಲ್ಲ. ರಫೀಕ್ ಉಳಿದುಕೊಂಡ. ಆ ಹೊಳೆಯ ಸುಳಿಗಳಲ್ಲಿ ಅವನಷ್ಟು ಚೆನ್ನಾಗಿ ದೋಣಿ ಹಾಕುವವನು ಓನರಿಗೆ ಬೇರೆ ಸಿಗುವಂತಿರಲಿಲ್ಲ.

ಸಂತಾಪ ಸೂಚಿಸಲು ನಾನೇ ಹೋಗೋಣ ಎಂದುಕೊಳ್ಳುತ್ತಿದ್ದಾಗ ಮರುದಿನ ಬೆಳಿಗ್ಗೆ ಅವರೇ ಪಾಂಡವಪುರಕ್ಕೆ, ನಮ್ಮ ಮನೆ ಬಾಗಿಲಿಗೆ ಬಂದರು. ಕುಳಿತುಕೊಳ್ಳಲಿಲ್ಲ.

"ಮೇಷ್ಟ್ರೆ, ದೊಡ್ಡ ಅಂಡೆ ಐತಾ ಮನೇಲಿ?"

ನೀರು ಕಾಯಿಸುವ ಹಳೆಯ ತಾಮ್ರದ ಹಂಡೆಯೊಂದು ಅಟ್ಟದ ಮೇಲಿತ್ತು. ಏತಕ್ಕೆ ಎಂದೆ. ಕಡ್ಲೇಕಾಯಿ ಬೇಯಿಸುವುದಕ್ಕೆ ಎಂದರು. ಕೆಲಸ ಹೋದ ಮನುಷ್ಯ ವ್ಯಾಪಾರಕ್ಕಿಳಿದ ಎಂದುಕೊಂಡು, ಕಲಾಯಿ ಹಾಕಿಸಿಕೊಳ್ಳಿ ಎಂಬ ಬುದ್ಧಿವಾದದೊಂದಿಗೆ ಕೊಟ್ಟು ಕಳಿಸಿದೆ. ಆ ಹಂಡೆ ಯುದ್ಧಕ್ಕೆ ಹೊರಟಿತೆಂದು ನನಗೆ ಹೊಳೆಯಲಿಲ್ಲ.

ದೋಣಿ ಹತ್ತುವ ಜಾಗಕ್ಕೆ ಮುಂಚೆ ಊರಿನ ದಾರಿ ಬರುತ್ತದೆ. ಅದು ಯಾರ ಗುತ್ತಿಗೆಗೂ ಸೇರಿಲ್ಲ. ಯಾವ ದೋಣಿ ಹತ್ತುವವರೂ ಅದನ್ನು ದಾಟಿಯೇ ಹೋಗಬೇಕು. ಕರೀಗೌಡರು ಅಲ್ಲಿ ಒಲೆ ಹೂಡಿದರು. ಬೇಯಿಸಿದ ಕಡ್ಲೇಕಾಯಿಯ ವಾಸನೆಗೆ ಜನ ತಾವಾಗಿಯೇ ಬಂದರು. ಪೊಟ್ಟಣ ಕೇಳಿದವರಿಗೆ ಪೊಟ್ಟಣ ಇಲ್ಲ. "ಪೇಪರ್ ಮಸಿ ಅತ್ಕತದೆ, ಪ್ಲಾಸ್ಟಿಕ್ ಕೂಡದು. ಬೊಗಸೆ ಒಡ್ಡವ್ವ" ಎನ್ನುವರು. ಒಡ್ಡಿದ ಬೊಗಸೆಗೆ ಬಿಸಿಬಿಸಿಯಾಗಿ, ತುಂಬಿ ತುಳುಕುವಂತೆ ಸುರಿಯುವರು. ರಫೀಕ್ ದೋಣಿ ಹೊರಟಿತೆಂದು ಕೂಗುವುದು ಸರಿಯಾಗಿ ಆಗಲೇ. ಜನ ಬೊಗಸೆ ಹಿಡಿದುಕೊಂಡೇ ಓಡಿ ದೋಣಿ ಹತ್ತುವರು.

ಬೊಗಸೆ ತುಂಬಿದವನು ಚಪ್ಪಾಳೆ ತಟ್ಟಲಾರ. ಮೊದಲ ದಿನ ಕರೀಗೌಡರು ಹುರಿದ ಕಡ್ಲೇಕಾಯಿ ಕೊಟ್ಟು ನೋಡಿದ್ದರಂತೆ. ಜನ ಅದನ್ನು ಜೇಬಿಗೆ ಹಾಕಿಕೊಂಡು ತಟ್ಟಿದರು. ಬೇಯಿಸಿದ್ದು ಒದ್ದೆ, ಪ್ಯಾಂಟಿನ ಜೇಬಿಗೆ ಹಾಕುವಂತಿಲ್ಲ, ರೇಷ್ಮೆ ಸೀರೆಯ ಮಡಿಲಿಗೂ ಸುರಿದುಕೊಳ್ಳುವಂತಿಲ್ಲ. ಸಿಪ್ಪೆ ಹೊಳೆಗೆ ಬೀಳದ ಹಾಗೆ ರಫೀಕ್ ದೋಣಿಯ ನಡುವೆ ಒಂದು ಬಿದಿರಿನ ಮಂಕರಿ ಇಟ್ಟ. ಹೊಸ ಗೈಡು ಮೈಕಿನಲ್ಲಿ, ಈಗ ಎಲ್ಲರೂ ಜೋರಾಗಿ ತಟ್ಟಿ ಎಂದಾಗ ಜನ ತಮ್ಮ ಕೈಗಳನ್ನು ನೋಡಿಕೊಂಡು, ತೀರ್ಥ ಹಿಡಿದ ಭಕ್ತರಂತೆ ಕುಳಿತಿರುತ್ತಿದ್ದರು. ಆ ದೃಶ್ಯ ನೋಡುವುದಕ್ಕೆಂದೇ ನಾನು ಮತ್ತೆ ಮತ್ತೆ ಟಿಕೆಟ್ ಕೊಂಡಿದ್ದೇನೆ.

ಆದರೆ ಈ ಯುದ್ಧ ಪೂರಾ ತಮಾಷೆಯಾಗಿರಲಿಲ್ಲ. ಕರೀಗೌಡರಿಗೆ ಹೆಂಡತಿ ಇರಲಿಲ್ಲ, ಮಕ್ಕಳಾಗಿರಲಿಲ್ಲ. ಊಟ ತಮ್ಮ ಬೋರೇಗೌಡನ ಮನೆಯಲ್ಲಿ. ಬೋರೇಗೌಡನ ಸೋಡಾ ಅಂಗಡಿ ಇದ್ದದ್ದು ಅದೇ ದಡದಲ್ಲಿ. ಹಕ್ಕಿ ಹಾರದೆ ಕಾರುಗಳು ಕಡಿಮೆಯಾದವು. ಒಂದು ದಿನ ನನ್ನ ಎದುರಿಗೇ ಬೋರೇಗೌಡ ಅಂಗಡಿಯಿಂದ ಇಳಿದು ಬಂದು ಹಂಡೆಯ ಮುಂದೆ ನಿಂತ.

"ಅಣ್ಣ, ಓನರ್ ಮ್ಯಾಲೆ ಸಿಟ್ಟಿದ್ರೆ ಓನರ್‌ಗೆ ವಡಿ. ನಮ್ ವಟ್ಟೆ ಮ್ಯಾಲೆ ಯಾಕೆ ವಡೀತೀಯ?"

"ಇವತ್ತು ಆರುಸ್ಬುಡ್ತೀಯ ಕಣ್ಲಾ. ಮುಂದಿನ್ ವರ್ಸ ಬರ್ದೇ ವಾದ್ರೆ ಯಾರ್ಗೆ ಮಾರೀಯ ಸೋಡನ?"

"ಅಕ್ಕಿಗೆ ಈ ಒಳೆ ಅಲ್ದಿದ್ರೆ ಇನ್ನೊಂದ್ ಒಳೆ. ನಿಂಗೆ ತಮ್ಮ ಒಬ್ನೇ."

ಕರೀಗೌಡರು ಸೌಟನ್ನು ಹಂಡೆಯೊಳಗೆ ತಿರುಗಿಸುತ್ತಲೇ ಇದ್ದರು. "ಅವಕ್ಕೆ ಪಾಲಳ್ಳೀಲಿ ಸೀಟ್ ಸಿಗ್ನಿಲ್ಲ ಕಣ್ಲಾ ಬೋರ, ಅದ್ಕೇ ಇಲ್ಲಿಗೆ ಬಂದಿರೋದು. ಇಲ್ಲೂ ಇಳಿಸ್ಬುಟ್ರೆ ಎಲ್ಲಿಗ್ ವಾದಾವು" ಎಂದರು. ಬೋರೇಗೌಡ ತಿರುಗಿ ಹೋದ. ಅಂದಿನಿಂದ ಆ ಮನೆಯ ಊಟ ನಿಂತಿತು. ರಫೀಕ್ ಬುತ್ತಿಯಲ್ಲಿ ಎರಡು ರೊಟ್ಟಿ ಹೆಚ್ಚಾಗಿ ತರತೊಡಗಿದ. ಕರೀಗೌಡರು ಅದನ್ನು ತಿನ್ನುತ್ತ, ಸಾಬರ ಮನೆಯ ರೊಟ್ಟಿಗೂ ನಮ್ಮ ಮುದ್ದೆಗೂ ಇರುವ ತಾರತಮ್ಯದ ಬಗ್ಗೆ ಅವನಿಗೇ ಉಪನ್ಯಾಸ ಕೊಡುತ್ತಿದ್ದರು. ಓನರು ಹೇಳಿಕಳಿಸಿದರು: ಹಂಡೆ ಎತ್ತಿದರೆ ಕೆಲಸ ವಾಪಸು, ಹೊಸ ಸಮವಸ್ತ್ರ, ಟೋಪಿ. ಟೋಪಿ ತಮಗೆ ಬೇಡ, ಹೇಳಿಕಳಿಸಿದವರೇ ಇಟ್ಟುಕೊಳ್ಳಲಿ ಎಂದು ಕರೀಗೌಡರು ಉತ್ತರ ಕಳಿಸಿದರು.

ಕರೀಗೌಡರು ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಎದೆಯ ಕಾಯಿಲೆ. ಬೋರೇಗೌಡನೇ ಮಣ್ಣು ಮಾಡಿದ. ಸುದ್ದಿ ನನಗೆ ತಡವಾಗಿ ಮುಟ್ಟಿತು. ಆದ್ದರಿಂದ ನಾನು ಅವರನ್ನು ಕಡೆಯದಾಗಿ ನೋಡಿದ್ದು ಅದಕ್ಕೂ ಮುಂಚೆ, ಮರಿಗಳು ಇನ್ನೂ ಗೂಡಿನಲ್ಲಿದ್ದ ಒಂದು ಭಾನುವಾರ, ದೋಣಿಯಲ್ಲಿಯೇ.

ಆ ದಿನ ಅವರಿಗೆ ಉಸಿರು ಕಷ್ಟವಾಗಿತ್ತು. ಆದರೂ ಒಲೆ ಹೂಡಿ, ಎಲ್ಲರ ಬೊಗಸೆ ತುಂಬಿ, ತಾವೂ ಒಂದು ಟಿಕೆಟ್ ಕೊಂಡು ನನ್ನ ಪಕ್ಕದಲ್ಲಿ ಕುಳಿತರು. ಓನರು ಬಂದರು. ಗೈಡನ್ನು ಇಳಿಸಿ, ತಾವೇ ಮೈಕ್ ಹಿಡಿದು ದೋಣಿ ಹತ್ತಿದರು. ಇವತ್ತು ಹಾರಿಸಿಯೇ ತೀರುತ್ತೇನೆ ಎಂದು ಅವರ ಮುಖ ಹೇಳುತ್ತಿತ್ತು.

ರಫೀಕ್ ನಡುಗಡ್ಡೆಗೆ ಸಾಕಷ್ಟು ದೂರದಲ್ಲೇ ಹುಟ್ಟು ನಿಲ್ಲಿಸಿದ. ಮುಂದೆ ಹೋಗು ಎಂದರೆ ಬಂಡೆ ಇದೆ ಎಂದ. ಓನರು ಮೈಕಿನಲ್ಲಿ ತಟ್ಟಿ ಎಂದು ಹೇಳಿದರು. ಯಾರ ಕೈಯೂ ಖಾಲಿ ಇರಲಿಲ್ಲ. ಕೆಳಗೆ ಹಾಕಿ ಎಂದರು. ಬೆಂಗಳೂರಿನವರಂತೆ ಕಾಣುತ್ತಿದ್ದ ಹೆಂಗಸೊಬ್ಬರು ಕರೀಗೌಡರ ಮುಖ ನೋಡಿದರು, ಮರದ ಮೇಲಿನ ಮರಿಗಳನ್ನು ನೋಡಿದರು, ಬೊಗಸೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು. ಉಳಿದವರೂ ಹಾಗೆಯೇ ಕುಳಿತರು. ಕಡ್ಲೇಕಾಯಿಯ ನೀರು ಆಗಲೇ ಆರಿತ್ತು, ಜೇಬಿಗೆ ಹಾಕಬಹುದಾಗಿತ್ತು. ಯಾರೂ ಹಾಕಲಿಲ್ಲ.

ಆಗ ಓನರು ಮೈಕನ್ನು ಕಂಕುಳಿಗೆ ಸಿಕ್ಕಿಸಿಕೊಂಡು ತಾವೇ ಚಪ್ಪಾಳೆ ತಟ್ಟಿದರು. ಒಬ್ಬರೇ. ಕೈ ಕೆಂಪಾಗುವವರೆಗೆ ತಟ್ಟಿದರು. ಒಂದು ನೀರುಕಾಗೆ ಎದ್ದು ಪಕ್ಕದ ಬಂಡೆಗೆ ಹೋಗಿ ಕುಳಿತಿತು. ಹೆಜ್ಜಾರ್ಲೆಯೊಂದು ಕತ್ತು ತಿರುಗಿಸಿ, ಮಂತ್ರಿಗಳು ಅರ್ಜಿದಾರರನ್ನು ನೋಡುವಂತೆ ಅವರನ್ನು ನೋಡಿ, ಮತ್ತೆ ಮರಿಯ ಕಡೆ ತಿರುಗಿತು. ಮರ ಮರದಂತೆಯೇ ಇತ್ತು. ಚಪ್ಪಾಳೆ ನಿಂತ ಮೇಲೆ ನೀರಿನ ಸದ್ದು ಕೇಳಿಸಿತು.

ಕರೀಗೌಡರು ಏನಾದರೂ ಕುಟುಕುತ್ತಾರೆ ಎಂದು ನಾನು ಕಾದೆ. ಅವರು ಮರದ ಮೇಲಿನ ಮರಿಗಳನ್ನು ಎಣಿಸುತ್ತಿದ್ದರು.

ದಡದಲ್ಲಿ ಓನರು ಎಲ್ಲರಿಗಿಂತ ಮೊದಲು ಇಳಿದು ಹೋದರು. ಜನ ಇಳಿದರು. ನಾನೂ ಇಳಿದು ಕೈ ನೀಡಿದೆ. ಕರೀಗೌಡರು ಏಳಲಿಲ್ಲ. ಕಂಬಕ್ಕೆ ಕಟ್ಟಿದ ಹಗ್ಗದ ಉದ್ದಕ್ಕೆ ದೋಣಿ ಸ್ವಲ್ಪ ಅಲುಗುತ್ತಿತ್ತು. ಅವರು ಎದೆಯ ಮೇಲೆ ಒಂದು ಕೈ ಇಟ್ಟುಕೊಂಡು ನಡುಗಡ್ಡೆಯ ಕಡೆಗೇ ಮುಖ ಮಾಡಿದ್ದರು. ಬಿಸಿಲು ಜಾಸ್ತಿ ಇದೆ, ಬನ್ನಿ, ನೆರಳಿಗೆ ಹೋಗೋಣ ಎಂದೆ.

"ನೀವು ನಡೀರಿ ಮೇಷ್ಟ್ರೆ" ಎಂದರು. "ಓನರು ಇನ್ನೊಂದ್ ಟ್ರಿಪ್ ವೊಂಟ್ರೆ, ದೋಣೀಲಿ ಕೈ ತಟ್ಟದೋನು ಒಬ್ಬ ಕುಂತಿರ್ಬೇಕಲ್ಲ."

ನಾನು ಬಸ್ಸಿಗೆ ನಡೆದೆ. ಅವರು ಕುಳಿತೇ ಇದ್ದರು.